ಶರಣಪ್ಪ ತಂದೆ ಬಸಪ್ಪ

ಹೋದ ತಿಂಗಳು ಹುಮನಾಬಾದಿಗೆ ಹೊರಟಿದ್ದ ಬಸ್ಸು ಕಮಲಾಪುರದಲ್ಲಿ ನಿಂತಿತು. ನನ್ನ ಮುಂದಿನ ಸೀಟಿನವರು ಕಿಟಕಿಯಿಂದಲೇ ಕೈ ಚಾಚಿ ಕೆಂಪು ಬಾಳೆಹಣ್ಣು ಕೊಂಡು, ಒಂದನ್ನು ಅಲ್ಲೇ ಸುಲಿದರು. ಬಸ್ಸು ತುಂಬ ವಾಸನೆ. ನಾನು ಚೀಲ ಎತ್ತಿಕೊಂಡು ಇಳಿದುಬಿಟ್ಟೆ. "ಏನ್ರೀ ಸರ್, ಹುಮನಾಬಾದ ಇನ್ನಾ ದೂರ ಅದ" ಎಂದು ಕಂಡಕ್ಟರ್ ಕೂಗಿದ. ಗೊತ್ತಿದೆ ಎಂದು ಕೈ ಆಡಿಸಿ, ಹಿಂದೆ ಬರುವ ಬಸ್ಸಿಗೆ ಕಾಯುತ್ತ ಬೇವಿನ ಮರದ ಕೆಳಗೆ ನಿಂತೆ.

ಕಮಲಾಪುರದ ಕೆಂಪು ಬಾಳೆ ಎಂದರೆ ನಮ್ಮ ಜಿಲ್ಲೆಯವರಿಗೆ ಅಭಿಮಾನ. ಬೆಂಗಳೂರಿನ ಸಾಹೇಬರಿಂದ ಕೆಲಸ ಮಾಡಿಸಿಕೊಳ್ಳಲು ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಅದನ್ನೇ. ಉಳಿದ ಬಾಳೆಗಿಂತ ತಡವಾಗಿ ಬರುತ್ತದೆ, ತಡವಾಗಿ ಹಣ್ಣಾಗುತ್ತದೆ, ಒಂದು ತಿಂದರೆ ಊಟ ಮಾಡಿದ ಹಾಗೆ ಹೊಟ್ಟೆ ತುಂಬುತ್ತದೆ. ನನಗೂ ಮೊದಲು ಇಷ್ಟವಿತ್ತು. ಕೊರೊನಾದ ಎರಡನೆಯ ಅಲೆ ಬಂದ ಬೇಸಿಗೆಯಿಂದ ಆ ವಾಸನೆ ನನಗೆ ಆಗಿಬರುವುದಿಲ್ಲ.

ನಾನು ಕಲಬುರಗಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಹೆಸರು ಮಿಲಿಂದ. ಆ ಬೇಸಿಗೆಯಲ್ಲಿ ಕಾಲೇಜು ಮುಚ್ಚಿತ್ತು. ಸುಮ್ಮನೆ ಕುಳಿತ ಸರಕಾರಿ ನೌಕರನನ್ನು ನೋಡಿದರೆ ಸರಕಾರಕ್ಕೆ ನಿದ್ದೆ ಬರುವುದಿಲ್ಲ. ನನ್ನನ್ನೂ, ನನ್ನ ಜೊತೆ ಪ್ರೋಗ್ರಾಮಿಂಗ್ ಕಲಿಸುವ ವೀರೇಶನನ್ನೂ ಊರಿನ ಒಂದು ಆಸ್ಪತ್ರೆಯ ಸಹಾಯವಾಣಿಗೆ ಹಾಕಿದರು. ಆಸ್ಪತ್ರೆಯ ಹೆಸರು ಬೇಡ. ಆ ಬೇಸಿಗೆಯಲ್ಲಿ ಎಲ್ಲ ಆಸ್ಪತ್ರೆಗಳೂ ಒಂದೇ ಆಗಿದ್ದವು.

ಬಿಸಿಲಿನ ಬಗ್ಗೆ ನಾವು ಕಲಬುರಗಿಯವರು ದೂರುವುದಿಲ್ಲ. ಆದರೆ ಆ ವರ್ಷದ ಬಿಸಿಲು ಬೇರೆ, ಏಕೆಂದರೆ ಬಿಸಿಲಿನ ಜೊತೆ ಸದ್ದು ಇರಲಿಲ್ಲ. ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯಲ್ಲಿ ಆಟೋಗಳಿಲ್ಲದ ರಸ್ತೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೆಹರು ಗಂಜಿನಲ್ಲಿ ಹಮಾಲರು ಅಂಗಡಿಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದರು. ಕೋಟೆಯ ಮಗ್ಗುಲ ರಸ್ತೆಯಲ್ಲಿ ಆಂಬುಲೆನ್ಸ್ ಒಂದೇ ಓಡಾಡುತ್ತಿತ್ತು. ಊರಿಗೆ ಊರೇ ಉಸಿರು ಹಿಡಿದುಕೊಂಡು ಕುಳಿತಿದೆ ಎನ್ನಿಸುತ್ತಿತ್ತು, ಮತ್ತು ನನಗೆ ಅಂಜಿಕೆಯಾಗುತ್ತಿತ್ತು.

ಆಸ್ಪತ್ರೆಯ ಗೇಟಿನ ಹೊರಗೆ ರೋಗಿಗಳ ಮನೆಯವರು ಬಿಸಿಲಲ್ಲೇ ನಿಂತಿರುತ್ತಿದ್ದರು. ಒಳಗೆ ಬಿಡುವ ಹಾಗಿರಲಿಲ್ಲ. "ನಮ್ಮಪ್ಪ ಹೆಂಗದಾನ್ರೀ?" "ನಮ್ಮ ಅಕ್ಕ ಉಂಡಾಳೇನ್ರೀ?" ಎಂದು ಯಾರು ಹೊರಬಂದರೂ ಮುತ್ತಿಕೊಳ್ಳುತ್ತಿದ್ದರು. ಅವರನ್ನು ಮನೆಗೆ ಕಳಿಸಿ, ದಿನಾ ಒಂದು ಸಲ ಫೋನ್ ಮಾಡಿ ಸುದ್ದಿ ಹೇಳುವುದು ನಮ್ಮ ಕೆಲಸ. ಒಂದು ಸಣ್ಣ ಕೋಣೆ, ಕೂಲರ್, ಹಳೆಯ ಕಂಪ್ಯೂಟರ್ ಕೊಟ್ಟರು. ವೀರೇಶ ಬಂದ ಕೂಡಲೇ ಪ್ರೋಗ್ರಾಮ್ ಬರೆಯಲು ಕೂತ.

ಅವನ ಪ್ರೋಗ್ರಾಮ್ ಹೀಗಿತ್ತು. ಸಾಮಾನ್ಯವಾಗಿ ನಾವು ಪರದೆಯ ಮೇಲೆ ಬಟನ್‌ಗಳನ್ನು ಮೊದಲೇ ಕೂರಿಸಿಬಿಡುತ್ತೇವೆ. ಇಲ್ಲಿ ಹಾಗೆ ಮಾಡಲು ಬರುವುದಿಲ್ಲ. ಇವತ್ತು ಎಷ್ಟು ಜನ ಬರುತ್ತಾರೆ, ಎಷ್ಟು ಜನ ಹೋಗುತ್ತಾರೆ ಯಾರಿಗೆ ಗೊತ್ತು? ಆದ್ದರಿಂದ ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಬಟನ್‌ಗಳು ಹುಟ್ಟಬೇಕು. ಹೊಸ ರೋಗಿ ದಾಖಲಾದರೆ ಅವನ ಹೆಸರಿನ ಒಂದು ಬಟನ್ ಬರುತ್ತಿತ್ತು. ಗುಣವಾದರೂ ತೀರಿಕೊಂಡರೂ, ಮನೆಯವರಿಗೆ ತಿಳಿಸಿ ಮುಗಿದ ಮೇಲೆ ಅದು ಹೋಗುತ್ತಿತ್ತು. ಬಟನ್ ಒತ್ತಿದರೆ ಆ ರೋಗಿಯ ಮನೆಯ ಫೋನ್ ನಂಬರ್ ತೆರೆದುಕೊಳ್ಳುತ್ತಿತ್ತು, ನಾವು ನಂಬರ್ ಹಚ್ಚಿ ಮಾತಾಡುತ್ತಿದ್ದೆವು.

ಬಟನ್ ಹುಟ್ಟಿಸುವುದು ಸುಲಭ. ಒಂದೊಂದಕ್ಕೂ ಅದರದೇ ಕೆಲಸ ಹಚ್ಚಿಕೊಡುವುದರಲ್ಲಿ ಎಲ್ಲ ಇದೆ. ಒತ್ತಿದಾಗ ಏನು ಮಾಡಬೇಕೆಂದು ಹೇಳುವ ನಾಲ್ಕು ಸಾಲಿಗೆ ನಾವು ಹ್ಯಾಂಡ್ಲರ್ ಎನ್ನುತ್ತೇವೆ. ವೀರೇಶ ಎಲ್ಲ ಬಟನ್‌ಗಳಿಗೂ ಒಂದೇ ಹ್ಯಾಂಡ್ಲರ್ ಹಚ್ಚಿದ್ದ. ಹಾಗೆ ಮಾಡುವುದು ತಪ್ಪಲ್ಲ, ಬಹಳ ಜನ ಮಾಡುತ್ತಾರೆ. ಆ ಹ್ಯಾಂಡ್ಲರ್ ಬಟನ್ ಮೇಲಿನ ಹೆಸರನ್ನು ಓದಿ, ಆ ಹೆಸರಿನವನನ್ನು ಹುಡುಕಿ, ಸಿಕ್ಕ ಕೂಡಲೇ ಅವನ ನಂಬರ್ ತೋರಿಸುತ್ತಿತ್ತು.

"ಹೆಸರಿನ ಮ್ಯಾಲ ಹುಡುಕಿದ್ರ ನಮ್ಮೂರಾಗ ನಡೀತದೇನೋ?" ಎಂದು ನಾನು ನಗುತ್ತ ಕೇಳಿದ್ದೆ. ಕಲಬುರಗಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಒಬ್ಬ ಶರಣಪ್ಪನಿಗೆ ಬೀಳುತ್ತದೆ. ಅವನು ತಪ್ಪಿಸಿಕೊಂಡರೆ ಹಿಂದೆ ನಿಂತ ಬಸಪ್ಪನಿಗೆ. ಊರಿನ ಶರಣರ ಹೆಸರು ಮನೆಗೊಂದು ಇರಲೇಬೇಕು. ವೀರೇಶನ ತಂದೆಯೇ ಶರಣಪ್ಪ. ಹಾಗೆಂದು ನಾನು ದೊಡ್ಡಸ್ತಿಕೆ ಕೊಚ್ಚಿಕೊಳ್ಳುವಂತಿಲ್ಲ, ನಮ್ಮ ಓಣಿಯಲ್ಲಿ ಬುದ್ಧ ವಿಹಾರದ ಕಟ್ಟೆಗೆ ನಿಂತು ‘ಮಿಲಿಂದ’ ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ.

"ನಾ ಏನ್ ಹುಚ್ಚ ಅದೀನೇನು? ತಂದಿ ಹೆಸರೂ ಹಾಕೀನಿ ನೋಡು" ಎಂದ ವೀರೇಶ. ನಮ್ಮ ಕಡೆ ಕಾಗದಪತ್ರಗಳಲ್ಲಿ ಮಗನ ಹೆಸರು, ನಡುವೆ ‘ತಂದೆ’ ಎಂಬ ಮಾತು, ಆಮೇಲೆ ಅಪ್ಪನ ಹೆಸರು ಬರೆಯುವ ರೂಢಿ. ಬಟನ್‌ಗಳೂ ಹಾಗೇ ಇದ್ದವು. ಅಷ್ಟಿದ್ದರೆ ಸಾಕು ಎಂದು ನನಗೂ ಅನ್ನಿಸಿತು. ಇಬ್ಬರೂ ಇದೇ ಊರಿನ ನೀರು ಕುಡಿದವರು.

ಮೊದಲು ಬಂದ ಶರಣಪ್ಪ ಕಮಲಾಪುರದವನು. ಟೆಂಪೊ ಓಡಿಸುತ್ತಿದ್ದ, ತೋಟಗಳಿಂದ ಕೆಂಪು ಬಾಳೆಯ ಗೊನೆ ತುಂಬಿಕೊಂಡು ಕಲಬುರಗಿಯ ಅಂಗಡಿಗಳಿಗೆ ಹಾಕಿ ಹೋಗುವುದು ಅವನ ಕೆಲಸ. ನಲವತ್ತರ ಆಸುಪಾಸು, ಅಗಲ ಭುಜ. ಮನೆಯವರು ಕಳಿಸಿದ ಬಟ್ಟೆಬರೆ ಕೊಡಲು ನಾನು ದಿನಾ ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟು ವಾರ್ಡಿನೊಳಗೆ ಹೋಗುತ್ತಿದ್ದೆ. ಆಕ್ಸಿಜನ್ ಕೊಳವೆ ಮೂಗಿಗೆ ಹಚ್ಚಿಕೊಂಡೇ ಅವನು ನನ್ನನ್ನು ಕಾಡುತ್ತಿದ್ದ. "ಸರ್, ಈ ಅಂಗಿ ಹಾಕ್ಕೊಂಡ್ರ ಜ್ವಾಳದ ಚೀಲಕ್ಕ ಕಾಲ ಬಂದಂಗ ಕಾಣ್ತೀರಿ ನೋಡ್ರಿ."

ಅವನ ಹೆಂಡತಿ ಮಹಾದೇವಿ. ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ಬೆಳಿಗ್ಗೆ ನಾನು ಫೋನ್ ಹಚ್ಚಿದರೆ ಒಂದೇ ಸಲ ಗಂಟೆ ಬಾರಿಸುವಷ್ಟರಲ್ಲಿ ಎತ್ತುತ್ತಿದ್ದಳು. ಜ್ವರ ಎಷ್ಟು, ಆಕ್ಸಿಜನ್ ಎಷ್ಟು ಎಂದು ಕೇಳುತ್ತಿರಲಿಲ್ಲ. "ಉಂಡಾನೇನ್ರೀ? ರೊಟ್ಟಿ ಕೊಡ್ತಾರೇನ್ರೀ ಅಲ್ಲಿ? ಅನ್ನ ಉಂಡ್ರ ಅವಗ ಉಂಡಂಗ ಆಗಂಗಿಲ್ಲ." ರೊಟ್ಟಿ ಕೊಡುತ್ತಾರೆ ಎಂದು ನಾನು ಸುಳ್ಳು ಹೇಳುತ್ತಿದ್ದೆ.

ಆಮೇಲೆ ಎರಡನೆಯ ಶರಣಪ್ಪ ಬಂದ. ಆಳಂದದ ಕಡೆಯ ಹಳ್ಳಿಯವನು, ವಯಸ್ಸಾದವನು, ಬರುವಾಗಲೇ ಮಾತು ನಿಂತಿತ್ತು. ಕರೆತಂದ ಮಗಳು ತನ್ನ ನಂಬರ್ ಬರೆಸಿ, ಗೇಟಿನ ಬಳಿ ಅತ್ತು, ನಾವು ಹೇಳಿದಂತೆ ಊರಿಗೆ ಹೋದಳು. ಅವನ ತಂದೆಯ ಹೆಸರೂ ಬಸಪ್ಪ. ಪರದೆಯ ಮೇಲೆ ‘ಶರಣಪ್ಪ ತಂದೆ ಬಸಪ್ಪ’ ಎಂಬ ಎರಡು ಬಟನ್‌ಗಳಾದವು. ಮೇಲಿನದು ಕಮಲಾಪುರ, ಕೆಳಗಿನದು ಆಳಂದ ಎಂದು ನಾನು ನೆನಪಿಟ್ಟುಕೊಂಡೆ. ಪರದೆಯ ಮೇಲಿನ ಅರ್ಧದವರ ಮನೆಗೆ ಬೆಳಿಗ್ಗೆ ನಾನು ಫೋನ್ ಮಾಡುತ್ತಿದ್ದೆ, ಕೆಳಗಿನ ಅರ್ಧದವರ ಮನೆಗೆ ಮಧ್ಯಾಹ್ನ ಬರುವ ಅಂಗನವಾಡಿ ಟೀಚರ್ ಮಾಡುತ್ತಿದ್ದರು.

ನಾವು ಸರಿಯಾದ ಬಟನ್‌ಗಳನ್ನೇ ಒತ್ತುತ್ತಿದ್ದೆವು. ಆದರೆ ಯಾವ ಶರಣಪ್ಪನನ್ನು ಒತ್ತಿದರೂ ಹ್ಯಾಂಡ್ಲರ್ ಹೆಸರು ಓದಿಕೊಂಡು ಹುಡುಕಲು ಹೋಗುತ್ತಿತ್ತು, ಮೊದಲು ಸಿಗುವವನು ಕಮಲಾಪುರದವನು. ಹಾಗಾಗಿ ಮಹಾದೇವಿಗೆ ದಿನಕ್ಕೆ ಎರಡು ಫೋನ್ ಹೋಗುತ್ತಿದ್ದವು. ಬೆಳಿಗ್ಗೆ ಅವಳ ಗಂಡನ ಸುದ್ದಿ, ಮಧ್ಯಾಹ್ನ ಇನ್ನೊಬ್ಬಳ ಅಪ್ಪನ ಸುದ್ದಿ. ಆಳಂದದ ಮಗಳಿಗೆ ಒಂದೂ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಹಾದೇವಿ ಕೇಳಿಯೇ ಕೇಳಿದಳು. "ನಿನ್ನಿ ಮಧ್ಯಾಹ್ನ ಮಾತಾಡಿದ ಅಕ್ಕಾರು, ಕಣ್ಣು ತೆರೀವಲ್ಲ ಅಂದ್ರು. ನೀವು ನೋಡಿದ್ರ ನಗಾಕತ್ತಾನ ಅಂತೀರಿ. ಯಾವುದು ಖರೇ ಸರ್?"

"ಈ ಜಡ್ಡು ಹಂಗs ಅದರೀ ತಾಯಿ. ತಾಸಿಗೊಂದು ತರಾ" ಎಂದೆ. ಆ ಬೇಸಿಗೆಯಲ್ಲಿ ನಾವೆಲ್ಲ ಅರ್ಧ ಡಾಕ್ಟರರಾಗಿದ್ದೆವು. ಹಾಗೆ ಹೇಳುವಾಗ ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆಳಂದದ ಶರಣಪ್ಪ ಒಂದು ಬೆಳಿಗ್ಗೆ ತೀರಿಕೊಂಡ. ಅವತ್ತು ಸುದ್ದಿ ಹೇಳುವ ಸರದಿ ನನ್ನದು. ಕೆಳಗಿನ ಬಟನ್ ಒತ್ತಿದೆ, ನಂಬರ್ ಬಂತು, ದಿನಾ ಹಚ್ಚುವ ಹತ್ತಾರು ನಂಬರ್‌ಗಳಲ್ಲಿ ಅದೂ ಒಂದು ಎಂದು ಗುರುತಿಸದೆ ಹಚ್ಚಿದೆ. ಗಂಡಸಿನ ದನಿ.

"ಶರಣಪ್ಪ ತಂದೆ ಬಸಪ್ಪ ಅವರ ಮನೀ ಏನ್ರೀ?"

"ಹೌದ್ರೀ, ನಾ ಅವನ ತಮ್ಮ ಮಾತಾಡಾಕತ್ತೀನಿ. ಹೇಳ್ರಿ."

ಹೆಸರು ಕೂಡಿತು, ತಂದೆಯ ಹೆಸರೂ ಕೂಡಿತು. ತೀರಿಕೊಂಡರು ಎಂದು ಹೇಳಿದೆ. ಆ ಕಡೆ ಫೋನ್ ನೆಲಕ್ಕೆ ಬಿದ್ದ ಸದ್ದಾಯಿತು. ಹಿಂದೆಯೇ ಒಬ್ಬ ಹೆಂಗಸು ಕೂಗಿದಳು. ಆಕೆ ಮಹಾದೇವಿ ಎಂದು ನನಗೆ ತಿಳಿಯಲಿಲ್ಲ, ಅಳುವಾಗ ಎಲ್ಲರ ದನಿಯೂ ಬೇರೆಯಾಗಿಬಿಡುತ್ತದೆ. ಕೇಳಲಾಗದೆ ನಾನೇ ಕರೆ ಕತ್ತರಿಸಿದೆ.

ಬಿಸಿಲು ಏರುವ ಹೊತ್ತಿಗೆ ಫೋನ್ ಎತ್ತಿದ್ದ ಆ ತಮ್ಮ ಟೆಂಪೊ ತೆಗೆದುಕೊಂಡು ಬಂದ. ಸಿಬ್ಬಂದಿ ಪ್ಲಾಸ್ಟಿಕ್ ಸರಿಸಿ ಮುಖ ತೋರಿಸಿದರು. ಅವನು ನೋಡಿದ, ಬಗ್ಗಿ ಮತ್ತೆ ನೋಡಿದ, ಹಿಂದಕ್ಕೆ ಸರಿದ.

"ಇವ ನಮ್ಮಣ್ಣ ಅಲ್ಲರೀ" ಎಂದ. "ಯಾರ್ರೀ ಇವ?"

ನಾನು ವಾರ್ಡಿಗೆ ಓಡಿದೆ. ಕಮಲಾಪುರದ ಶರಣಪ್ಪ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದ. ಅವನ ಮಂಚದ ಮೇಲೆಯೇ ಕೂತುಬಿಟ್ಟೆ. ಏನಾಯಿತು ಎಂದು ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಗಂಜಿಯ ಬಟ್ಟಲು ಕೆಳಗಿಟ್ಟು, "ಮಹಾದೇವಿ ಅತ್ತಳೇನ್ರೀ?" ಎಂದ.

"ಭಾಳ ಅತ್ತರು."

"ಹಂಗಾರ ಚಲೋನs ಆತು ಬಿಡ್ರಿ. ಖರೇನs ಸತ್ತಿದ್ರ ನನಗ ಗೊತ್ತಾಗ್ತಿದ್ದಿಲ್ಲ."

ನನ್ನ ಮೊಬೈಲಿನಿಂದ ಮನೆಗೆ ಹಚ್ಚಿ ಅವನ ಬಾಯಿಗೆ ಹಿಡಿದೆ. "ಏ ಹುಚ್ಚೀ, ನಾ ಇನ್ನಾ ಅದೀನಿ. ಅಳಬ್ಯಾಡ" ಎಂದ. ಆ ಕಡೆಯಿಂದ ಮಹಾದೇವಿಯ ದನಿ ಬಂತು. ಅತ್ತು ಅತ್ತು ಒಡೆದು ಹೋಗಿತ್ತು. ಅವಳು ಕೇಳಿದ್ದು ಒಂದೇ ಮಾತು, "ಉಂಡೇನು?"

ಅವಳ ಕೈಯಿಂದ ಅತ್ತೆ ಫೋನ್ ಇಸಿದುಕೊಂಡರು. ಆ ಮುದುಕಿ ಸಿಟ್ಟಿಗೇಳಲಿಲ್ಲ, ಹಿಗ್ಗಿದ್ದರು. ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರದಾದರೂ ತಲೆಗೆ ಕಾಗೆ ಬಡಿದರೆ ಅದು ಸಾವಿನ ಸೂಚನೆ ಎನ್ನುತ್ತಾರೆ. ಆ ಕಂಟಕ ಕಳೆಯಲು, ಅವನು ಸತ್ತ ಎಂದು ನೆಂಟರಿಗೆ ಬೇಕೆಂದೇ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ನಿಜವೆಂದು ನಂಬಿ ಅತ್ತರೆ, ಆ ಅಳು ಕೇಳಿದ ಸಾವು ತನ್ನ ಕೆಲಸ ಮುಗಿಯಿತೆಂದು ಹೊರಟುಹೋಗುತ್ತದಂತೆ. ಆಮೇಲೆ ಖರೇ ಹೇಳಿ ಸಕ್ಕರೆ ಹಂಚುತ್ತಾರೆ.

"ನಿಮ್ಮ ಬಾಯಾಗ ಸಕ್ರಿ ಬೀಳ್ಲಿ ತಮ್ಮಾ" ಎಂದರು ಮುದುಕಿ. "ನಾವು ಕಳಸದs ಕಾಗಿ ಸುದ್ದಿ ತಾನಾಗೇ ಬಂತು. ಇಡೀ ಓಣಿ ಅತ್ತದ. ಇನ್ನ ನನ್ನ ಮಗಗ ಏನೂ ಆಗಂಗಿಲ್ಲ."

ಇಂಥ ಮಾತಾಡಿದರೆ ನಮ್ಮ ಅಪ್ಪ ಮನೆಯಲ್ಲಿ ಎದ್ದು ನಿಂತು ಬೈಯುತ್ತಿದ್ದ. ನಾನೂ ಅವನ ಮಗನೇ, ಕಾಗೆ ಗೀಗೆ ನಂಬುವವನಲ್ಲ. ಆದರೂ ಅವತ್ತು ಆ ತಾಯಿಗೆ, "ಹೌದ್ರೀ ಯಮ್ಮ, ಆಯುಷ್ಯ ಹೆಚ್ಚಾತು" ಎಂದೆ. ಬೇರೆ ಏನು ಹೇಳಬೇಕಿತ್ತು?

ವೀರೇಶ ಬಂದು ಕೋಡ್ ತೆರೆದ. ನನಗಿಂತ ಮೊದಲು ಅವನಿಗೇ ತಿಳಿಯಿತು. ಎರಡೂ ಬಟನ್‌ಗಳನ್ನು ಒಂದಾದ ಮೇಲೊಂದು ಒತ್ತಿದ. ಒಂದೇ ನಂಬರ್. ಮತ್ತೆ ಒತ್ತಿದ. ಅದೇ ನಂಬರ್. "ನನ್ನ ಸರ್ಟಿಫಿಕೇಟಿನ್ಯಾಗೂ ತಂದೆ ಶರಣಪ್ಪ ಅಂತನs ಅದನೋ" ಎಂದ. "ಉಳದವರು ಮರೀಬಹುದು. ನಾ ಹೆಂಗ ಮರತೆ?"

ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಟನ್ ಹುಟ್ಟುವಾಗಲೇ ರೋಗಿಯ ದಾಖಲಾತಿ ಸಂಖ್ಯೆಯನ್ನು ಅದಕ್ಕೆ ಕಟ್ಟಿ, ಒಂದೊಂದು ಬಟನ್‌ಗೂ ಅದರದೇ ಹ್ಯಾಂಡ್ಲರ್ ಹಚ್ಚಿದ. ಹೆಸರು ನೋಡುವವರಿಗೆ ಮಾತ್ರ, ಕೆಲಸ ಸಂಖ್ಯೆಯ ಮೇಲೆ. ಹತ್ತಾರು ಸಲ ಒತ್ತಿ ನೋಡಿದೆವು, ಎಲ್ಲ ಸರಿಯಾಗಿತ್ತು. ಈಗಲೂ ನಾನು ಮಕ್ಕಳಿಗೆ ಈ ಪಾಠ ಮಾಡುವಾಗ ಮೊದಲ ದಿನವೇ ಇದನ್ನು ಹೇಳುತ್ತೇನೆ, ಯಾಕೆ ಎಂದು ಹೇಳುವುದಿಲ್ಲ.

ಒಂದೇ ಹೆಸರಿನ ಎರಡು ಬಟನ್‌ಗಳ ಎಡವಟ್ಟನ್ನು ಮಹಾದೇವಿಗೆ ಫೋನಿನಲ್ಲಿ ತಿಳಿಸಿದೆ. ಆಳಂದದ ಮಗಳಿಗೂ ಅವತ್ತು ಮಧ್ಯಾಹ್ನವೇ ಫೋನ್ ಮಾಡಿದೆ. ಆದರೆ ಹೆಣ ಇಟ್ಟುಕೊಳ್ಳಲು ಜಾಗವಿಲ್ಲದ ದಿನಗಳು ಅವು. ‘ನಮ್ಮವನಲ್ಲ’ ಎಂದು ಹೇಳಿ ವಾರಸುದಾರರು ಹೋದರು ಅಂತ ಯಾರೋ ಬರೆದುಕೊಂಡು, ಉಳಿದವರ ಜೊತೆ ಅವನನ್ನೂ ಒಯ್ದುಬಿಟ್ಟಿದ್ದರು. ಅವಳು ಬಾಡಿಗೆ ಗಾಡಿ ಹಿಡಿದು ಬರುವಷ್ಟರಲ್ಲಿ ಮಣ್ಣಾಗಿತ್ತು. "ಫೋನ್ ಬರಲಿಲ್ಲಂದ್ರ ಚಲೋ ಅದಾನಂತ ತಿಳ್ಕೊಂಡಿದ್ದೆರೀ" ಎಂದು ಗೇಟಿನ ಬಳಿ ನಿಂತು ಹೇಳಿದಳು. ಅಳಲಿಲ್ಲ. ಮೋಸಹೋದವಳ ಹಾಗೆ ನಮ್ಮ ಮುಖ ನೋಡಿದಳು. ಆಮೇಲೂ ಏನಾದರೂ ಕಾಗದಪತ್ರ ಬೇಕಾದೀತು ಎಂದು ಅವಳ ನಂಬರನ್ನು ನನ್ನ ಮೊಬೈಲಿನಲ್ಲಿ ಇಟ್ಟುಕೊಂಡೆ.

ಮರುದಿನ ಕಮಲಾಪುರದ ತಮ್ಮ ಒಂದು ಗೊನೆ ಕೆಂಪು ಬಾಳೆ ತಂದು ನಮ್ಮ ಕೋಣೆಯಲ್ಲಿ ಇಟ್ಟು ಹೋದ. ಅಣ್ಣ ಬದುಕಿದ ಖುಷಿಗೆ, ತಾಯಿ ಕಳಿಸಿದ್ದು. ಕಂಪ್ಯೂಟರಿನ ಮಗ್ಗುಲಲ್ಲಿ, ಕೂಲರಿನ ತೇವ ಗಾಳಿಗೆ ಅದು ದಿನದಿನಕ್ಕೆ ಹಣ್ಣಾಯಿತು. ಬಂದವರಿಗೆಲ್ಲ ಕೊಟ್ಟೆವು. ನಾನು ತಿಂದೆ, ಅಂಗನವಾಡಿ ಟೀಚರ್ ತಿಂದರು. ವೀರೇಶ ಮುಟ್ಟಲಿಲ್ಲ.

ಆ ಗೊನೆ ಮುಗಿಯುವ ಮೊದಲೇ ಶರಣಪ್ಪನ ಉಸಿರು ಇಳಿಯತೊಡಗಿತು. ನಿನ್ನೆ ನಗಿಸುತ್ತಿದ್ದವನು ಇವತ್ತು ದೊಡ್ಡ ಮಾಸ್ಕಿನ ಒಳಗೆ ಕಣ್ಣು ಮಾತ್ರ ಆಡಿಸುತ್ತಿದ್ದ. ಡಾಕ್ಟರ್ ಹೊರಗೆ ಬಂದು, "ಮನೆಯವರನ್ನು ಕರೆಸಿ. ಒಬ್ಬರನ್ನು ಒಳಗೆ ಬಿಡುತ್ತೇನೆ. ತಡ ಮಾಡಬೇಡಿ" ಎಂದರು. ಎಲ್ಲರಿಗೂ ಸಿಗುವ ಭಾಗ್ಯ ಅಲ್ಲ ಅದು. ಎಷ್ಟೋ ಜನ ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದರು. ನಾನು ಕೋಣೆಗೆ ಓಡಿ ಬಟನ್ ಒತ್ತಿದೆ. ಅದಕ್ಕೆ ಅದರದೇ ಹ್ಯಾಂಡ್ಲರ್ ಇತ್ತು, ಸರಿಯಾದ ನಂಬರ್ ಬಂತು. ಮಹಾದೇವಿ ಎತ್ತಿದಳು.

"ಜಲ್ದಿ ಬರ್ರಿ ತಾಯಿ. ನಿಮ್ಮವರಿಗೆ ಭಾಳ ಕಠಿಣ ಆಗ್ಯದ. ನಿಮ್ಮನ್ನ ಒಳಗ ಬಿಡ್ತಾರ" ಎಂದೆ.

ಅವಳು ನಕ್ಕಳು. ದನಿ ಇನ್ನೂ ಮೊದಲಿನಂತೆ ಆಗಿರಲಿಲ್ಲ, ಒಡಕು ದನಿಯಲ್ಲೇ ನಕ್ಕಳು. "ಮತ್ತ ತಪ್ಪ ಬಟನ್ ಒತ್ತೀರೇನ್ರೀ ಸರ್?"

"ಇಲ್ರೀ ತಾಯಿ, ಈ ಸಲ ಬರೋಬ್ಬರಿ ಅದ. ನಾನೇ ನೋಡಿ ಬಂದೀನಿ."

"ಆ ಸಲಾನೂ ಬರೋಬ್ಬರಿ ಅಂತನs ಹೇಳಿದ್ರಿ." ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ನಾನು ಇನ್ನೊಬ್ಬ ಯಾವುದೋ ಶರಣಪ್ಪನ ಸುದ್ದಿ ಹೇಳುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. "ಪಾಪ, ಅವರ ಮನಿಗಿ ಹಚ್ಚರಿ ಸರ್. ಅವರು ಕಾಯಾಕತ್ತಿರ್ತಾರ" ಎಂದಳು.

ಅಷ್ಟರಲ್ಲಿ ಅತ್ತೆ ಫೋನ್ ತೆಗೆದುಕೊಂಡರು. "ನೋಡು ತಮ್ಮಾ, ಕಾಗಿ ಸುದ್ದಿ ಒಮ್ಮೆ ಬರಬೇಕು. ಎರಡನೇ ಸಲ ನಂಬಿ ಅತ್ರ ಖರೇನs ಆಗ್ತದ. ನಾವು ಬರಂಗಿಲ್ಲ. ನೀ ಇನ್ನ ಫೋನ್ ಹಚ್ಚಬ್ಯಾಡ." ಮತ್ತೆ ಹಚ್ಚಿದರೆ ಸ್ವಿಚ್ ಆಫ್. ತಮ್ಮನ ನಂಬರ್ ನಮ್ಮ ಬಳಿ ಇರಲಿಲ್ಲ, ಮೊದಲ ಸಲವೂ ಮನೆಯ ಫೋನನ್ನೇ ಅವನು ಎತ್ತಿದ್ದ. ಗಂಡನ ದನಿ ಕೇಳಿಸೋಣ ಎಂದರೆ ಅವನಿಗೆ ಈಗ ದನಿ ಇರಲಿಲ್ಲ.

ತಪ್ಪು ಬಟನ್ ಹೇಳಿದ್ದನ್ನು ಅವರು ಕೇಳಿದ ಕೂಡಲೇ ನಂಬಿದ್ದರು. ಸರಿಮಾಡಿದ ಬಟನ್ ಹೇಳಿದ್ದನ್ನು ನಂಬುವವರು ಯಾರೂ ಇರಲಿಲ್ಲ. ವೀರೇಶ ನನ್ನ ಕೈಗೆ ತನ್ನ ಬೈಕಿನ ಕೀಲಿ ಕೊಟ್ಟ. "ನೀ ಹೋಗು. ನಿನ್ನ ದನಿ ಅವರಿಗೆ ಗೊತ್ತದ. ನಾ ಒಳಗ ಅವನ ಹಂತ್ಯಾಕ ನಿಂದಿರ್ತೀನಿ" ಎಂದ.

ಕಮಲಾಪುರ ಒಂದು ತಾಸಿನ ದಾರಿ. ಊರ ಹೊರಗೆ ಪೊಲೀಸರು ನಿಲ್ಲಿಸಿ ಡ್ಯೂಟಿ ಕಾರ್ಡು ಕೇಳಿದರು. ದಾರಿಯ ಎರಡೂ ಕಡೆ ತೊಗರಿ ಕಿತ್ತ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು, ಗಾಳಿ ಒಲೆಯ ಬಾಯಿಯಿಂದ ಬಂದಂತೆ ಮುಖಕ್ಕೆ ಹೊಡೆಯುತ್ತಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳುವುದು ಏನೂ ಹೊಸದಿರಲಿಲ್ಲ, ಅದೇ ಮಾತು, ಅದೇ ಬಾಯಿ.

ಓಣಿಯಲ್ಲಿ ಟೆಂಪೊ ನಿಂತಿದ್ದರಿಂದ ಮನೆ ಬೇಗ ಸಿಕ್ಕಿತು. ಮುದುಕಿ ಹೊಸ್ತಿಲ ಮೇಲೆ ಕೂತಿದ್ದರು. ನಾನು ಯಾರು ಎಂದು ಹೇಳಿದ ಕೂಡಲೇ ಎದ್ದು ಬಾಗಿಲಿಗೆ ಅಡ್ಡ ಕೈ ಹಿಡಿದರು. "ಅಲ್ಲೇ ನಿಂದ್ರು. ಏನೂ ಹೇಳಬ್ಯಾಡ. ನೀ ಹೇಳಿದ್ರ ಆಗ್ತದ" ಎಂದರು. ಅವರಿಗೆ ಒಳಗೊಳಗೇ ತಿಳಿದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಒಳಗಿನಿಂದ ಒಬ್ಬ ಹೆಂಗಸು ಬಂದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು. ಅವಳು ನನ್ನ ಬೆವರು, ಧೂಳು ಹಿಡಿದ ಅಂಗಿ, ಬೈಕು, ಎಲ್ಲವನ್ನೂ ನೋಡಿದಳು.

"ಕೈ ತಗೀರಿ ಅತ್ತಿ" ಎಂದಳು ಮಹಾದೇವಿ. "ಫೋನ್ ತಪ್ಪಿ ಬರಬಹುದು. ಮನಷ್ಯಾ ತಪ್ಪಿ ಇಷ್ಟ ದೂರ ಬರಂಗಿಲ್ಲ."

ಹಿಟ್ಟಿನ ಕೈಯಲ್ಲೇ ಟೆಂಪೊ ಹತ್ತಿದಳು. ಮೈದುನ ಓಡಿಸಿದ, ನಾನು ಹಿಂದೆ ಹಿಂದೆ ಬೈಕಿನಲ್ಲಿ ಬಂದೆ. ಆಸ್ಪತ್ರೆಯ ಗೇಟಿನಲ್ಲಿ ವೀರೇಶ ನಿಂತಿದ್ದ. ಮೈಮೇಲಿನ ಪ್ಲಾಸ್ಟಿಕ್ ಅಂಗಿಯನ್ನು ಇನ್ನೂ ತೆಗೆದಿರಲಿಲ್ಲ, ತಲೆ ಎತ್ತಲೂ ಇಲ್ಲ. ನಾನು ದಾರಿಯಲ್ಲಿ ಬರುವಾಗಲೇ ಎಲ್ಲ ಮುಗಿದಿತ್ತು.

ಮಹಾದೇವಿಗೆ ಮುಖ ತೋರಿಸಿದರು. ನೋಡುತ್ತ ನಿಂತಳು. ಬಾಯಿ ತೆರೆದಳು, ದನಿ ಹೊರಡಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಒಬ್ಬ ಆಯಾ, "ಅತ್ತುಬಿಡವ್ವಾ, ಎದಿ ಹಗುರಾಗ್ತದ" ಎಂದಳು. ಅವಳು ಪ್ರಯತ್ನಪಟ್ಟಳು, ಆಗಲಿಲ್ಲ. ಹೊರಗೆ ಬಂದು ಗೋಡೆಗೆ ಆನಿಕೊಂಡು ನನ್ನನ್ನು ಕೇಳಿದಳು.

"ಸರ್, ಅವತ್ತ ನಾ ಅತ್ತದ್ದು ಯಾರಿಗಿರೀ?"

"ಅವರ ಹೆಸರೂ ಶರಣಪ್ಪನs ಇತ್ರೀ. ಆಳಂದ ಕಡಿಯವರು."

"ಅವರಿಗೆ ಅಳೋರು ಇದ್ದರೇನ್ರೀ?"

"ಒಬ್ಬಾಕಿ ಮಗಳು ಅದಾಳ. ಆಕಿ ಬರೋದ್ರಾಗ ಮಣ್ಣು ಮಾಡಿಬಿಟ್ಟಿದ್ರು."

ಮಹಾದೇವಿ ಒಣಗಿದ ಹಿಟ್ಟನ್ನು ಬೆರಳಿನಿಂದ ಉದುರಿಸಿಕೊಂಡಳು. "ಆಕಿಗಿ ಫೋನ್ ಹಚ್ಚರಿ" ಎಂದಳು. "ಕಮಲಾಪುರದಾಗ ಒಬ್ಬಾಕಿ ನಿಮ್ಮಪ್ಪಗ ದನಿ ಹೋಗೋತನ ಅತ್ತಾಳ ಅಂತ ಹೇಳ್ರಿ. ನನ್ನ ಗಂಡಗ ಇವತ್ತ ಆಕಿ ಅಳ್ಲಿ. ನನ್ನ ಕಡಿಂದ ಆಗವಲ್ದು."

ನಾನು ಫೋನ್ ಹಚ್ಚಿದೆ. ಮಹಾದೇವಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಆಳಂದದ ಮಗಳು ಕೊನೆಯವರೆಗೂ ಕೇಳಿದಳು. ಆಮೇಲೆ ಅವಳು ಅಳುವುದಕ್ಕೆ ಶುರುಮಾಡಿದಳು. ನಾನು ಸ್ಪೀಕರ್ ಹಾಕಿ ಫೋನನ್ನು ಮಹಾದೇವಿಯ ಕೈಗೆ ಕೊಟ್ಟೆ.